ಬದುಕಿ ಬಂದವರ ಪಟ್ಟಿ ಎಲ್ಲಿದೆ?

ಹಳೇ ಕಡತಗಳನ್ನು ಕಾಯುವ ಎಲ್ಲ ಅಧಿಕಾರಿಗಳಿಗೆ, ಅಟ್ಟದ ಮೇಲೆ ಹಳೇ ಟ್ರಂಕು ಇಟ್ಟುಕೊಂಡಿರುವ ಎಲ್ಲ ಮನೆಯವರಿಗೆ,

ನಮಸ್ಕಾರ.

ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಇದ್ದರು ಅಂತ ನಮ್ಮ ದೊಡ್ಡಪ್ಪ ಸುಮಾರು ನಲವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ ಕೂಡ ಹೇಳಿದ್ದಾರೆ. ಅವರ ಹತ್ತಿರ ಆಧಾರವೂ ಇದೆ. ಒಂದು ಕಾಗದ. ಪೂರ್ತಿ ಕಾಗದ ಅಲ್ಲ, ಮುಕ್ಕಾಲು ಭಾಗ ಗೆದ್ದಲು ತಿಂದು ಉಳಿಸಿದ ಒಂದು ಮೂಲೆ. ಅದರಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಪದ ಓದಲು ಬರುತ್ತದೆ: ಫ್ರೆಂಚ್ ರಾಕ್ಸ್.

ಮಂಡ್ಯ ಕಡೆಯ ಹಿರಿಯರು ಇಷ್ಟು ಹೊತ್ತಿಗೆ ನಗುತ್ತಿರುತ್ತೀರಿ. ಫ್ರೆಂಚ್ ರಾಕ್ಸ್ ಅಂದರೆ ನಮ್ಮ ಪಾಂಡವಪುರ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು. ಇಂಗ್ಲಿಷರು ಅದನ್ನೇ ಊರಿನ ಹೆಸರು ಮಾಡಿದರು. ಊರಿನವರ ಬಾಯಲ್ಲಿ ಅದು ಹಿರೋಡೆ. ತಾತ ಹುಟ್ಟಿದ ಹಳ್ಳಿ ಅಲ್ಲಿಂದ ನಡೆದು ಹೋಗುವಷ್ಟು ದೂರ. ನಮ್ಮ ಮನೆಯವರು ಅರವತ್ತರ ದಶಕದಲ್ಲೇ ಬೆಂಗಳೂರಿಗೆ ಬಂದಿದ್ದರಿಂದ ಹಳೇ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ತಾತನ ವಿಳಾಸವನ್ನೇ ನಾವು ರಣರಂಗ ಅಂದುಕೊಂಡಿದ್ದೆವು!

ಈ ಹುಡುಕಾಟಕ್ಕೆ ಇಳಿದವರಿಗೆ ಮೊದಲು ಕಾಡುವುದು ಇದೇ. ರಾಮನಗರ ಹಳೇ ಕಾಗದದಲ್ಲಿ ಕ್ಲೋಸ್‌ಪೇಟೆ ಆಗಿರುತ್ತದೆ. ಮಡಿಕೇರಿ ಮರ್ಕಾರ. ಚಿತ್ರದುರ್ಗ ಚಿಟ್ಟಲ್‌ಡ್ರೂಗ್. ಚಿಕ್ಕಮಗಳೂರಿನವರು ಕಡೂರು ಜಿಲ್ಲೆಯಲ್ಲಿ ಹುಡುಕಬೇಕು. ಜನರ ಹೆಸರಿನ ಕತೆ ಇನ್ನೂ ಚೆನ್ನ. ಭರ್ತಿ ಮಾಡಿಕೊಂಡ ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ, ಭರ್ತಿಯಾದ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೀಗಾಗಿ ಒಬ್ಬನೇ ನಂಜಪ್ಪ ಒಂದು ಕಡೆ ನುಂಜಪ್ಪ, ಇನ್ನೊಂದು ಕಡೆ ನಜಪ್ಪ, ಮತ್ತೊಂದು ಕಡೆ ನಂಜಪಾ.

ತಾತ ಬಾಯಿಬಿಟ್ಟು ಹೇಳಿದ್ದು ಬಹಳ ಕಡಿಮೆ. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದೆ ಅನ್ನುತ್ತಿದ್ದರು. 'ಅಲ್ಲಿ ಮಳೆ ಅಂದ್ರೆ ಮಳೆ' ಅನ್ನುತ್ತಿದ್ದರು. ಎಲ್ಲಿ ತಾತ ಅಂದರೆ ಬೀಡಿ ಹಚ್ಚಿ ಹೊರಗೆ ಹೋಗುತ್ತಿದ್ದರು. ಮೂರು ಹೊತ್ತು ಮುದ್ದೆ ಬೇಯುವ ಮನೆಯಲ್ಲಿ ಚಪಾತಿ ಕೇಳುತ್ತಿದ್ದ ಒಬ್ಬರೇ ಒಬ್ಬರು ಅವರು. ಅಡುಗೆ ಮನೆಗೆ ಲಂಗರ್ ಅನ್ನುತ್ತಿದ್ದರು. ಹೆಬ್ಬೆಟ್ಟು ಒತ್ತಿ ಸೈನ್ಯಕ್ಕೆ ಸೇರಿದವರು ವಾಪಸ್ ಬಂದಾಗ ಇಂಗ್ಲಿಷ್ ಅಕ್ಷರದಲ್ಲಿ ರುಜು ಹಾಕುತ್ತಿದ್ದರಂತೆ. ಅದು ಸೈನ್ಯ ಕಲಿಸಿದ ರೋಮನ್ ಉರ್ದು. ಹಿಂದೂಸ್ತಾನಿ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದು ಆಗಿನ ಪದ್ಧತಿ.

ಇದೆಲ್ಲಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಸೋದರತ್ತೆಯ ಒಂದು ಮಾತು. ಅಜ್ಜಿ ಅವರಿಗೆ ಹೇಳಿದ್ದಂತೆ: ತಾತ ಒಮ್ಮೆ ರಜದ ಮೇಲೆ ಬಂದಾಗ ಮೈ, ಕೈ ಎಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ಕಾಮಾಲೆ ಅಂತ ಮನೆಯವರೆಲ್ಲ ಗಾಬರಿಯಾಗಿ ನೆಲನೆಲ್ಲಿ ಅರೆದು ಕುಡಿಸಿದರು. ತಾತ ಬೇಡ ಬೇಡ ಅಂದರೂ ಬಿಡಲಿಲ್ಲ. ಕೆಲವು ವಾರದಲ್ಲಿ ಹಳದಿ ಇಳಿಯಿತು. ನಮ್ಮತ್ತೆಯ ಪ್ರಕಾರ ಅದು ನೆಲನೆಲ್ಲಿಯ ಮಹಿಮೆ.

ಅದು ಕಾಮಾಲೆ ಆಗಿರಲಿಲ್ಲ ಅಂತ ನನ್ನ ಲೆಕ್ಕ. 1942ರಲ್ಲಿ ಜಪಾನೀಯರು ಜಾವಾ ಹಿಡಿದ ಮೇಲೆ ಮಲೇರಿಯಾ ಔಷಧಿ ಕ್ವಿನೈನ್ ಅಲ್ಲಿಂದ ಬರುವುದು ನಿಂತುಹೋಯಿತು. ಮಲೇರಿಯಾ ತಡೆಯಲು ಸೈನಿಕರಿಗೆ ದಿನಾ ಮೆಪಾಕ್ರಿನ್ ಅನ್ನುವ ಹಳದಿ ಮಾತ್ರೆ ಕೊಡಲು ಶುರುಮಾಡಿದರು. ಅದನ್ನು ನುಂಗುತ್ತಾ ಹೋದರೆ ಚರ್ಮ ಹಳದಿಯಾಗುತ್ತದೆ, ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಬರ್ಮಾದಲ್ಲಿ ಹೋರಾಡಿದ 14ನೇ ಸೈನ್ಯದಲ್ಲಿ ಇದು ಎಷ್ಟು ಕಟ್ಟುನಿಟ್ಟು ಅಂದರೆ, ಅದರ ಮುಖ್ಯಸ್ಥ ಜನರಲ್ ಸ್ಲಿಮ್ ದಿಢೀರ್ ತಪಾಸಣೆ ಮಾಡಿಸುತ್ತಿದ್ದರು. ತಮ್ಮ ಜನ ಮಾತ್ರೆ ನುಂಗುವ ಹಾಗೆ ನೋಡಿಕೊಳ್ಳದ ಮೂವರು ಕಮಾಂಡಿಂಗ್ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಅಜ್ಜಿಯ ಒಂದು ನೆನಪು ನಮ್ಮ ಮನೆಯ ಯಾವ ಕಾಗದಕ್ಕಿಂತಲೂ ಜಾಸ್ತಿ ಮಾಹಿತಿ ಕೊಟ್ಟಿತು. ಆದರೂ ತಾತ ಬರ್ಮಾದಲ್ಲಿದ್ದರು ಅನ್ನುವುದಕ್ಕೆ ಇದು ಪೂರ್ತಿ ಸಾಕ್ಷಿ ಆಗುವುದಿಲ್ಲ. ಆ ಮಾತ್ರೆಯನ್ನು ಇಟಲಿಯಲ್ಲಿದ್ದ ಸೈನಿಕರಿಗೂ ಕೊಡುತ್ತಿದ್ದರು. ಇದನ್ನು ದೊಡ್ಡಪ್ಪನ ಮುಂದೆ ಹೇಳಿ ತಪ್ಪು ಮಾಡಿದೆ. 'ಇಟಲಿ ಪಕ್ಕ ಫ್ರಾನ್ಸ್ ತಾನೇ?' ಅಂದರು.

ಆಮೇಲೆ ಬಿಲ್ಲೆ. ಅಜ್ಜಿ ಅದನ್ನು ಹುಲಿ ಬಿಲ್ಲೆ ಅನ್ನುತ್ತಿದ್ದರು, ದೇವರ ಮನೆಯ ಕುಂಕುಮದ ಡಬ್ಬಿ ಪಕ್ಕ ಇಟ್ಟಿದ್ದರು. ಅದರ ಮೇಲಿರುವುದು ಹುಲಿಯಲ್ಲ, ಡ್ರ್ಯಾಗನ್ ಮೇಲೆ ನಿಂತ ಸಿಂಹ. 1939-45ರ ವಾರ್ ಮೆಡಲ್. ಯುದ್ಧಕಾಲದಲ್ಲಿ 28 ದಿನ ಸೇವೆ ಮಾಡಿದ್ದರೆ ಸಾಕು, ಸಿಗುತ್ತಿತ್ತು. ಅದು ಸಿಕ್ಕವನು ಎಲ್ಲಿದ್ದ ಅಂತ ಅದರಿಂದ ತಿಳಿಯುವುದಿಲ್ಲ. ಅದನ್ನು ಹೇಳುವುದು ನಕ್ಷತ್ರದ ಆಕಾರದ ಇನ್ನೊಂದು ಪದಕ. ಬರ್ಮಾಕ್ಕೆ ಒಂದು, ಆಫ್ರಿಕಾಕ್ಕೆ ಒಂದು, ಇಟಲಿಗೆ ಒಂದು, ಫ್ರಾನ್ಸ್ ಮತ್ತು ಜರ್ಮನಿಗೆ ಸೇರಿ ಒಂದು. ತಾತನಿಗೂ ಒಂದು ನಕ್ಷತ್ರ ಇತ್ತು. ನಮ್ಮಪ್ಪನೂ ಅವರ ಅಣ್ಣತಮ್ಮಂದಿರೂ ಕಳ್ಳ-ಪೊಲೀಸ್ ಆಡುವಾಗ ಅದನ್ನು ಪೊಲೀಸಿನವನ ಎದೆಗೆ ಸಿಕ್ಕಿಸಿ ಎಲ್ಲೋ ಕಳೆದರು. ಕಳೆದವರು ಯಾರು ಅಂತ ಇನ್ನೂ ಇತ್ಯರ್ಥವಾಗಿಲ್ಲ. ದೊಡ್ಡಪ್ಪನ ಮೇಲೇ ಅನುಮಾನ ಜಾಸ್ತಿ.

ಉಳಿದ ಬಿಲ್ಲೆಯ ಅಂಚಿನಲ್ಲಿ ಅಕ್ಷರಗಳಿದ್ದವು. ಈ ಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರು ಕೆತ್ತದೆ ಕೊಟ್ಟಿತು. ಭಾರತೀಯರಿಗೆ ಕೊಟ್ಟದ್ದರಲ್ಲಿ ಹೆಸರು ಇರುತ್ತದೆ. ಆದರೆ ನಮ್ಮಜ್ಜಿ ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ಫಳಫಳ ಅನ್ನುವ ಹಾಗೆ ಉಜ್ಜುತ್ತಿದ್ದರು. ಅಕ್ಷರ ಸವೆದು ಹೋಗಿತ್ತು. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕು ರಾತ್ರಿ ಕೂತೆ. ಒಂದು ನಂಬರು, ಡ್ರೈವರ್ ಅನ್ನುವುದರ ಮೂರಕ್ಷರ, ತಪ್ಪು ಸ್ಪೆಲ್ಲಿಂಗಿನ ತಾತನ ಹೆಸರು, ಕೊನೆಗೆ ಆರ್.ಐ.ಎ.ಎಸ್.ಸಿ. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅಕ್ಕಿ, ಬೇಳೆ, ಪೆಟ್ರೋಲು ಸಾಗಿಸುವ ದಳ. ಲಾರಿಯ ಮಾತು ನಿಜವಾಗಿತ್ತು.

ನಂಬರು ಸಿಕ್ಕ ಉತ್ಸಾಹದಲ್ಲಿ ನಾನು ಮೊದಲು ಹುಡುಕಿದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ. 1917ರಲ್ಲಿ ಶುರುವಾದ ಈ ಸಂಸ್ಥೆಯ ಬಳಿ ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ದಾಖಲೆ ಇದೆ. ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಕೆಲವು ಹೆಸರಿನ ಮುಂದೆ ಇಂಥವರ ಮಗ, ಇಂಥ ಊರು, ಮೈಸೂರು ಅಂತಲೂ ಇದೆ. ಸಿಂಗಪುರದ ಕ್ರಾಂಜಿಯಲ್ಲಿ ಸಮಾಧಿಯೇ ಸಿಗದ 24 ಸಾವಿರಕ್ಕೂ ಹೆಚ್ಚು ಜನರ ಹೆಸರು ಗೋಡೆ ಮೇಲಿದೆ. ರಂಗೂನಿನ ಹತ್ತಿರ ಟೌಕ್ಯಾನ್‌ನಲ್ಲಿ ಸುಮಾರು 27 ಸಾವಿರ. ಹಾಗಂತ ಅಲ್ಲೂ ಎಲ್ಲ ಸರಿ ಇಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಮೊದಲ ಯುದ್ಧದ ಭಾರತೀಯ ಸಿಪಾಯಿಗಳ ಹೆಸರು ಕೆತ್ತಲೇ ಇಲ್ಲ, ಇಂಥ ದಳದಲ್ಲಿ ಇಷ್ಟು ಜನ ಅಂತ ಲೆಕ್ಕ ಮಾತ್ರ ಹಾಕಿದರು. ಇಂಥ ಭೇದಭಾವ ನಡೆದಿದೆ ಅಂತ ಆಯೋಗವೇ 2021ರಲ್ಲಿ ವರದಿ ಮಾಡಿಸಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಮೂರು ವಾರ ಆ ಪಟ್ಟಿ ಜಾಲಾಡಿದೆ. ತಾತ ಇರಲಿಲ್ಲ. ಹೇಗಿರುತ್ತಾರೆ? ಅವರು ತೀರಿಹೋಗಿದ್ದು 1983ರಲ್ಲಿ, ನಮ್ಮ ಮನೆ ಜಗಲಿಯ ಮಂಚದ ಮೇಲೆ. ಸತ್ತವರ ಪಟ್ಟಿಯಲ್ಲಿ ಬದುಕಿ ಬಂದವರನ್ನು ಹುಡುಕುತ್ತಿದ್ದೆ ನಾನು. ಬದುಕಿ ಬಂದವರ ಪಟ್ಟಿ ಎಲ್ಲಿದೆ ಅಂತ ಆಗ ಯೋಚನೆ ಬಂತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ ಜನ. ಅವರಲ್ಲಿ ಬಹುಪಾಲು ಜನ ಮನೆಗೆ ಬಂದು, ಹೊಲ ಉತ್ತು, ಮಕ್ಕಳ ಮದುವೆ ಮಾಡಿ ಸತ್ತವರು. ಅವರ ಹೆಸರು ಹೊಡೆದು ನೋಡುವಂಥ ಒಂದು ಜಾಗ ನಮ್ಮ ದೇಶದಲ್ಲಿ ನನಗೆ ಸಿಗಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ದಳದ ರೆಕಾರ್ಡ್ ಆಫೀಸಿಗೆ ಬರೆಯಿರಿ ಅಂತ ಮಾಜಿ ಸೈನಿಕರೊಬ್ಬರು ಹೇಳಿದರು. ಮಾಹಿತಿ ಹಕ್ಕಿನಲ್ಲಿ ಕೇಳುವುದಕ್ಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಹತ್ತು ರೂಪಾಯಿಯದು ಸುಲಭ. ನಾನು ತಾತನ ಮೊಮ್ಮಗಳು ಅಂತ ತೋರಿಸುವುದು ಸುಲಭವಲ್ಲ. ತಾತ 'ಮೂರನೇ ವ್ಯಕ್ತಿ'ಯಂತೆ, ಅವರ ವಿವರ ಬೇಕಾದರೆ ಸಂಬಂಧ ರುಜುವಾತಾಗಬೇಕಂತೆ. ಸರಿ, ನಾಡಕಚೇರಿಯ ವಂಶವೃಕ್ಷ. ವಂಶವೃಕ್ಷಕ್ಕೆ ತಾತನ ಮರಣ ಪ್ರಮಾಣಪತ್ರ. ಮರಣಪತ್ರದಲ್ಲಿ ಒಂದು ಹೆಸರು, ಅಪ್ಪನ ಶಾಲೆಯ ಟಿಸಿಯಲ್ಲಿ ಇನ್ನೊಂದು, ಬಿಲ್ಲೆ ಮೇಲೆ ಮತ್ತೊಂದು. ಮೂವರೂ ಒಬ್ಬರೇ ಅಂತ ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದೆ. ಸತ್ತು ಇಷ್ಟು ವರ್ಷವಾದ ಮನುಷ್ಯನ ಗುಟ್ಟನ್ನು ಅವರ ಮೊಮ್ಮಕ್ಕಳಿಂದಲೇ ಕಾಯುವುದರಿಂದ ಯಾರಿಗೆ ಲಾಭ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಕೊನೆಗೆ ಉತ್ತರ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು. ಲಾಂಗ್ ರೋಲ್‌ನಲ್ಲಿ ತಾತ ಇದ್ದರು! ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲಾಂಗ್ ರೋಲ್ ಅಂದರೆ ಒಬ್ಬ ಸೈನಿಕನ ನಂಬರು, ಹೆಸರು, ಸೇರಿದ ದಿನ, ಬಿಟ್ಟ ದಿನ ಬರೆದಿಟ್ಟ ದೊಡ್ಡ ದಾಖಲೆ. ಒಬ್ಬೊಬ್ಬರದು ಒಂದೊಂದು ಸಾಲು. ತಾತ ಸೇರಿದ್ದು 1942, ಬಿಡುಗಡೆ 1946. ಅಷ್ಟೇ. ಯಾವ ಕಂಪನಿ (ದಳದೊಳಗಿನ ತುಕಡಿ), ಎಲ್ಲೆಲ್ಲಿ ಇದ್ದರು, ಯಾವಾಗ ಆಸ್ಪತ್ರೆ ಸೇರಿದರು ಅನ್ನುವುದೆಲ್ಲ ಶೀಟ್ ರೋಲ್ ಅನ್ನುವ ಬೇರೆ ದಾಖಲೆಯಲ್ಲಿ ಇರುತ್ತದೆ. ಅದು ಇಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ದಾಖಲೆಯನ್ನು 25 ವರ್ಷ ಇಟ್ಟು ಆಮೇಲೆ ನಾಶಮಾಡುವುದು ಸೇನೆಯ ನಿಯಮ. ಪಿಂಚಣಿಗೆ 15 ವರ್ಷ ಸೇವೆ ಬೇಕು. ಯುದ್ಧಕ್ಕೆಂದೇ ಸೇರಿಸಿಕೊಂಡು ಯುದ್ಧ ಮುಗಿದ ಕೂಡಲೇ ಮನೆಗೆ ಕಳಿಸಿದವರಿಗೆ ಎಲ್ಲಿಂದ ಬರಬೇಕು 15 ವರ್ಷ? ಯುದ್ಧ ಮಾಡಿದವರದೇ ದಾಖಲೆ ಮೊದಲು ಹೋಗುವ ಹಾಗೆ ಈ ನಿಯಮ ಕೆಲಸ ಮಾಡಿದೆ. ತಾತನ ಹಾಳೆಗಳು 1971ರ ನಂತರ ಯಾವಾಗಲೋ ಹೋಗಿರಬೇಕು. ಆಗ ಅವರು ಇನ್ನೂ ಬದುಕಿದ್ದರು.

ಬ್ರಿಟಿಷರ ಮೊದಲ ಮಹಾಯುದ್ಧದ ಸೈನಿಕರ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಜರ್ಮನ್ ಬಾಂಬಿಗೆ ಸುಟ್ಟುಹೋದವು. ಉಳಿದ ಅರೆಸುಟ್ಟ, ನೀರು ಕುಡಿದ ಹಾಳೆಗಳನ್ನು ಅವರು ಜೋಪಾನ ಮಾಡಿ, ಮೈಕ್ರೊಫಿಲ್ಮ್ ತೆಗೆದು ಜನರಿಗೆ ಕೊಟ್ಟರು. ನಮ್ಮ ಶೀಟ್ ರೋಲ್‌ಗಳ ಮೇಲೆ ಯಾರೂ ಬಾಂಬ್ ಹಾಕಿರಲಿಲ್ಲ.

ಕಂಪನಿ ಗೊತ್ತಿಲ್ಲದಿದ್ದರೆ ಮುಂದಿನ ಬಾಗಿಲೂ ಬಂದ್. ಬರ್ಮಾ ಕಡೆಯ ದಳಗಳ ಯುದ್ಧ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಭಾರತೀಯ ದಳಗಳದ್ದೂ ಸೇರಿ. ಅಲ್ಲೇ ಕೆಲಸದಲ್ಲಿರುವ ನನ್ನ ತಂಗಿ ಮಗ ಹೋಗಿ ನೋಡಲು ತಯಾರಿದ್ದ. 'ಯಾವ ಕಂಪನಿ ದೊಡ್ಡಮ್ಮ?' ಅಂದ. ನಾನು ಏನು ಹೇಳಲಿ?

ಇನ್ನೊಂದು ದಾರಿ ಇತ್ತು. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರ ತಿಂಗಳಿಗೆ ಇಷ್ಟು ಅಂತ ನೆರವು ಕೊಡುತ್ತದೆ. ನಮ್ಮಜ್ಜಿ ಅದನ್ನು 'ಮಿಲಿಟರಿ ದುಡ್ಡು' ಅನ್ನುತ್ತಿದ್ದರು. ಆ ಅರ್ಜಿಯ ಜೊತೆ ತಾತನ ಡಿಸ್ಚಾರ್ಜ್ ಪುಸ್ತಕ ಕೊಟ್ಟಿದ್ದರು. ಮೂಲ ಪ್ರತಿಯನ್ನೇ. ಜೆರಾಕ್ಸ್ ಮಾಡಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅದನ್ನು ಹುಡುಕಿಕೊಂಡು ಒಂದು ಕಚೇರಿಗೆ ನಾಲ್ಕು ಸಲ ಹೋದೆ. ಫಲಾನುಭವಿ ತೀರಿಕೊಂಡ ಮೇಲೆ ಹಳೇ ಕಡತ ವಿಲೇವಾರಿ ಆಗಿದೆ ಅಂದರು. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿದ್ದ ಹುಡುಗಿ ಪಾಪ, ನನ್ನ ಜೊತೆ ಧೂಳಿನಲ್ಲಿ ಕೂತು ಎರಡು ಬೀರು ಖಾಲಿ ಮಾಡಿ ನೋಡಿದಳು. ಇಡಿ ಅಂತ ಮೇಲಿನವರು ಹೇಳದಿದ್ದರೆ ಕೆಳಗಿನವರು ಜಾಗ ಇಲ್ಲ ಅಂತ ತೂಕಕ್ಕೆ ಹಾಕುತ್ತಾರೆ, ಅಷ್ಟೇ ವಿಷಯ.

ಈಗ ಕೇಳಬೇಕಾದ್ದು ಕೇಳಿಬಿಡುತ್ತೇನೆ.

ಸೇನೆಯ ರೆಕಾರ್ಡ್ ಆಫೀಸುಗಳಲ್ಲಿ ಲಾಂಗ್ ರೋಲ್ ಉಳಿದಿದೆ. 1947ಕ್ಕಿಂತ ಹಿಂದಿನವನ್ನಾದರೂ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡಿ. ಅದರಲ್ಲಿರುವವರು ಈಗ ಬದುಕಿದ್ದರೆ ನೂರರ ಆಸುಪಾಸು. ಅವರ ಗುಟ್ಟು ಏನೂ ಬಯಲಾಗುವುದಿಲ್ಲ. ಇದು ಆಗದ ಕೆಲಸ ಅನ್ನಬೇಡಿ. ಮೊದಲ ಯುದ್ಧದ ಪಂಜಾಬ್ ಸೈನಿಕರ ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಂನಲ್ಲಿ ಸುಮಾರು ನೂರು ವರ್ಷ ಸುಮ್ನೆ ಬಿದ್ದಿದ್ದವು. ಬ್ರಿಟನ್ನಿನಲ್ಲಿರುವ ಪಂಜಾಬಿಗಳ ಒಂದು ಸಂಘ ಒಂದು ವಿಶ್ವವಿದ್ಯಾಲಯದ ಜೊತೆ ಸೇರಿ ಅದನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 3,20,000 ಸೈನಿಕರ ದಾಖಲೆ, ಊರೂರಿನ ಲೆಕ್ಕದಲ್ಲಿ. 2021ರಲ್ಲಿ ಜನರಿಗೆ ಸಿಗಲು ಶುರುವಾಯಿತು. ಗಡಿಯಾಚೆ ಇರುವ ದಾಖಲೆಯನ್ನೇ ಅವರು ತೆಗೆಸಿದ್ದಾರೆ. ನಮ್ಮದು ನಮ್ಮ ಕಚೇರಿಯಲ್ಲೇ ಇದೆ.

ನೆರವಿನ ಅರ್ಜಿಗಳ ಕಡತಗಳನ್ನು ಇನ್ನು ಮುಂದೆ ತೂಕಕ್ಕೆ ಹಾಕಬೇಡಿ. ಎಲ್ಲ ಜಿಲ್ಲೆಗಳಿಂದ ತರಿಸಿ ರಾಜ್ಯ ಪತ್ರಾಗಾರ ಇಲಾಖೆಗೆ ಕೊಡಿ. ಸೇನೆಯ ಕಡೆ ನಾಶವಾದ ವಿವರ ಎಷ್ಟೋ ಜನರ ವಿಷಯದಲ್ಲಿ ಉಳಿದಿರುವುದು ಅದರೊಳಗೇ ಇರಬಹುದು.

ಮೂರನೆಯದು ಮೈಸೂರು ಸಂಸ್ಥಾನದ ಸೈನ್ಯದ್ದು. ಮೈಸೂರು ಲ್ಯಾನ್ಸರ್ಸ್ ಗೊತ್ತು ನಮಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಸವಾರರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಲೆಕ್ಕಕ್ಕೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ. ಮಾಲೆ ಹಾಕುತ್ತೇವೆ, ಒಳ್ಳೆಯದು. ಆದರೆ ಕುದುರೆಗೆ ಹುಲ್ಲು ಹಾಕಿದವನು, ಲಾಳ ಹೊಡೆದವನು, ಅಡುಗೆಯವನು, ಮೋಚಿ, ದೋಬಿ? ಅವರಿಗೂ ಮನೆ ಇತ್ತು, ಈಗ ಮರಿಮಕ್ಕಳಿದ್ದಾರೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸೆರೆ ಸಿಕ್ಕ ಮೈಸೂರು ಇನ್‌ಫೆಂಟ್ರಿಯವರ ವಿಷಯವಂತೂ ಯಾರ ಬಾಯಲ್ಲೂ ಇಲ್ಲ. ಸಂಸ್ಥಾನದ ಸೈನ್ಯದ ಕಡತಗಳು ಯಾವ ಕಪಾಟಿನಲ್ಲಿವೆ ಅಂತ ಕನ್ನಡದಲ್ಲಿ ಒಂದು ಸೂಚಿ ಮಾಡಿ. ಹೆಸರು, ಊರು, ತಾಲ್ಲೂಕು. ಊರಿಗೆ ಈಗಿನ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ, ದಯವಿಟ್ಟು.

ಟ್ರಂಕಿನವರಿಗೆ ನನ್ನ ಮಾತು ಚಿಕ್ಕದು. ಬಿಲ್ಲೆಗೆ ಹುಣಸೆಹಣ್ಣು ಹಾಕಬೇಡಿ. ಅಂಚನ್ನು ಓದಿ, ನಂಬರು ಬರೆದಿಟ್ಟುಕೊಳ್ಳಿ. ಮೂಲ ಕಾಗದವನ್ನು ಯಾರು ಕೇಳಿದರೂ ಕೊಡಬೇಡಿ, ನಕಲು ಕೊಡಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ಗಂಡಸರು ಯುದ್ಧ ಎಲ್ಲಿ ನಡೆಯಿತು ಅಂತ ಹೇಳುತ್ತಾರೆ. ಬಂದವನ ಮೈ ಬಣ್ಣ ಏನಾಗಿತ್ತು, ಮನಿಯಾರ್ಡರು ಯಾವ ತಿಂಗಳು ನಿಂತಿತ್ತು ಅನ್ನುವುದು ಹೆಂಗಸರಿಗೇ ಗೊತ್ತಿರುವುದು. ನಿಮ್ಮ ಮನೆಯಲ್ಲಿ ಖಾಕಿ ಹಾಕಿಕೊಂಡವರ ಗುಂಪಿನ ಫೋಟೋ ಇದ್ದು, ಹಿಂದೆ ಕಂಪನಿ ನಂಬರು ಇದ್ದರೆ ಫೋಟೋ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಎರಡನೇ ಸಾಲಿನಲ್ಲಿ ನಮ್ಮ ತಾತ ನಿಂತಿದ್ದರೂ ನಿಂತಿರಬಹುದು.

ದೊಡ್ಡಪ್ಪನಿಗೆ ಪಾಂಡವಪುರದ ವಿಷಯ ಹೇಳಿದೆ. ಹಳೇ ನಕ್ಷೆಯನ್ನೂ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು ನೋಡಿದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಮೊಮ್ಮಗನ ಕೈಲಿ ಹುಡುಕಿಸಿದ್ದರು. ಇದೇ ಆರ್.ಐ.ಎ.ಎಸ್.ಸಿ.ಯ ಹೇಸರಗತ್ತೆ ಕಂಪನಿಗಳು 1939ರ ಕೊನೆಗೆ ಫ್ರಾನ್ಸಿಗೆ ಹೋಗಿದ್ದವು, ಅದರಲ್ಲಿ ಕೆಲವು ಅಲ್ಲಿನ ಡಂಕರ್ಕ್ ಬಂದರಿನಿಂದ ವಾಪಸಾದವು. ಅದು ನಿಜ, ನಾನೂ ಓದಿದ್ದೇನೆ. ತಾತ ಸೇರಿದ್ದೇ 1942ರಲ್ಲಿ, ಅಲ್ವಾ ದೊಡ್ಡಪ್ಪ ಅಂದೆ.

'ಆಮೇಲೆ ಹೋಗಿರಬಹುದಲ್ಲ? ಹೋಗಿಲ್ಲ ಅನ್ನೋಕೆ ನಿನ್ನ ಹತ್ರ ಏನಿದೆ, ತೋರಿಸು' ಅಂದರು.

ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಇತಿ,
ಫ್ರೆಂಚ್ ರಾಕ್ಸ್‌ನ ಒಬ್ಬ ಲಾರಿ ಡ್ರೈವರನ ಮೊಮ್ಮಗಳು